ಸುಬ್ಬಿಯ ತುಟಿ ಊದಿದಾಗ: ದಾವಣಗೆರೆಯಲ್ಲಿ ಒಂದು ಬೆಕ್ಕಿನ ಆಸ್ಪತ್ರೆ ಓಡಾಟ

ನಮ್ಮ ಸುಬ್ಬಿಯ ತುಟಿ ಈಗ ಮೊದಲಿನ ಹಾಗೇ ಇದೆ. ಮೊನ್ನೆ ಡಾಕ್ಟರು ನೋಡಿ, "ಸದ್ಯಕ್ಕೆ ಕರ್ಕೊಂಡು ಬರೋದು ಬೇಡ" ಅಂದರು. ಈ ಓಡಾಟದಲ್ಲಿ ಗೊತ್ತಾದದ್ದನ್ನು ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ಬೆಕ್ಕಿನ ತುಟಿ ಊದಿದೆ ಅಂದರೆ ಸಾಕು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜೇನು ಕಚ್ಚಿರಬೇಕು, ಹಾವು ಮುಟ್ಟಿರಬೇಕು, ಅರಿಶಿನ ಹಚ್ಚಿ, ಸುಮ್ನೆ ಬಿಡಿ ತಾನೇ ಇಳಿಯುತ್ತೆ. ಯಾರೂ ಸುಳ್ಳು ಹೇಳಲಿಲ್ಲ, ಇವೆಲ್ಲ ಆಗುವಂಥವೇ. ಆದರೆ ನಮ್ಮ ಸುಬ್ಬಿಗೆ ಆಗಿದ್ದು ಮಾತ್ರ ಇವ್ಯಾವುದೂ ಅಲ್ಲ.

ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ಅವ್ವ, ನಾನು, ತಮ್ಮ. ನಾನು ಚೌಕಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸುಬ್ಬಿ ಮೂರು ವರ್ಷದ ಊರ ಬೆಕ್ಕು. ಮರಿ ಹಾಕದ ಹಾಗೆ ಆಪರೇಷನ್ ಆಗಿದೆ. ಹಗಲೆಲ್ಲ ಮನೆಯೊಳಗೆ ನಿದ್ದೆ, ರಾತ್ರಿ ಟೆರೇಸ್ ಮೇಲೆ ರಾಜ್ಯಭಾರ.

ಅವತ್ತು ಭಾನುವಾರ. ಬೆಳಿಗ್ಗೆ ಊಟಕ್ಕೆ ಬಂದವಳ ಮುಖ ವಾರೆಯಾಗಿತ್ತು. ಮೇಲ್ತುಟಿಯ ಎಡಗಡೆ ಊದಿ, ಒಳಗೊಂದು ಹುಣಸೆ ಬೀಜ ಇಟ್ಟುಕೊಂಡ ಹಾಗೆ ಕಾಣುತ್ತಿತ್ತು. ರಾತ್ರಿ ಮಲಗುವಾಗ ಏನೂ ಇರಲಿಲ್ಲ. ಅವ್ವ ನೋಡಿದವಳೇ "ಯವ್ವಾ, ಏನೋ ಕಚ್ಚೇತಿ ನೋಡು" ಅಂದಳು. ನನಗೆ ಕೈಕಾಲೇ ಆಡಲಿಲ್ಲ.

ಆಪರೇಷನ್ ಮಾಡಿದ್ದ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಮದುವೆಗೆ ಅಂತ ಊರಾಚೆ ಹೋಗಿದ್ದರು. ಆದರೂ ಫೋನಿನಲ್ಲೇ ಪಟಪಟ ಕೇಳಿದರು. ಬಾಯಿ ತೆರೆದು ಉಸಿರಾಡ್ತಾ ಇದೆಯಾ? ವಸಡು ಯಾವ ಬಣ್ಣ ಇದೆ? ಊತ ಕಣ್ಣಿನ ಕಡೆ, ಗಂಟಲ ಕಡೆ ಹರಡ್ತಾ ಇದೆಯಾ? ವಾಂತಿ, ಜೊಲ್ಲು, ತೂರಾಡೋದು ಏನಾದ್ರೂ? ಎಲ್ಲಕ್ಕೂ ಇಲ್ಲ ಅಂದೆ. ವಸಡು ಎಂದಿನ ತಿಳಿ ಗುಲಾಬಿ. "ಹಾಗಾದ್ರೆ ಸಂಜೆವರೆಗೆ ಕಾಯಬಹುದು. ಇದರಲ್ಲಿ ಒಂದು ಶುರುವಾದ್ರೂ ನನ್ನ ಕಾಯಬೇಡಿ, ಯಾರು ಸಿಗ್ತಾರೋ ಅವರ ಹತ್ರ ಓಡಿ" ಅಂದರು.

ಉಸಿರಾಟವನ್ನೇ ಯಾಕೆ ಮೊದಲು ಕೇಳಿದರು ಅನ್ನೋದು ಸಂಜೆ ತಿಳಿಯಿತು. ಅಲರ್ಜಿ ಜೋರಾದಾಗ ಬೆಕ್ಕಿನಲ್ಲಿ ಮೊದಲು ಏಟು ಬೀಳುವುದು ಶ್ವಾಸಕೋಶಕ್ಕಂತೆ. ನಾಯಿ ಬಿಸಿಲಿಗೆ ನಾಲಿಗೆ ಚಾಚಿ ತೇಕುವುದು ಮಾಮೂಲಿ. ಬೆಕ್ಕು ಹಾಗೆ ತೇಕಿದರೆ ಅದು ಮಾಮೂಲಿಯಲ್ಲ. ನೆಮ್ಮದಿಯಾಗಿ ಮಲಗಿದ ಬೆಕ್ಕು ನಿಮಿಷಕ್ಕೆ 30ಕ್ಕಿಂತ ಕಡಿಮೆ ಸಲ ಉಸಿರಾಡಬೇಕು. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಲೆಕ್ಕ. ಆ ಇಡೀ ದಿನ ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡು ಅವಳ ಪಕ್ಕೆಯನ್ನೇ ನೋಡುತ್ತಾ ಕೂತೆ. ಬೇರೇನೂ ಮಾಡಲು ಆಗದ ಹೊತ್ತಿನಲ್ಲಿ ಕೈಗೊಂದು ಕೆಲಸ ಸಿಕ್ಕಿದ್ದೇ ಸಮಾಧಾನ.

ಅಷ್ಟರಲ್ಲಿ ಪಕ್ಕದ ಮನೆ ಅಕ್ಕ ಬಂದರು. ತುಂಬ ಒಳ್ಳೆಯವರು, ಸುಬ್ಬಿಗೆ ಮೀನಿನ ತಲೆ ಎತ್ತಿಡುವವರು. "ಮನುಷ್ಯರಿಗೆ ಕೊಡೋ ಪ್ಯಾರಾಸಿಟಮಾಲ್ ಐತಲ್ಲ, ಕಾಲು ಮಾತ್ರೆ ಪುಡಿ ಮಾಡಿ ಹಾಕ್ರಿ, ಬಾವು ಇಳೀತೈತಿ" ಅಂದರು. ಇದೊಂದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಕರಗಿಸಿ ಹೊರಹಾಕುವ ಹಾಗೆ ಬೆಕ್ಕಿನ ಲಿವರ್‌ಗೆ ಆಗುವುದಿಲ್ಲ. ರಕ್ತ ಆಮ್ಲಜನಕ ಹೊರಲಾರದ ಹಾಗೆ ಆಗಿಬಿಡುತ್ತೆ, ವಸಡು ಕಂದುಬಣ್ಣಕ್ಕೆ ತಿರುಗುತ್ತೆ, ಜೀವವೇ ಹೋಗುತ್ತೆ. ಇನ್ನೂ ವಿಚಿತ್ರ ಏನು ಗೊತ್ತಾ? ಆ ವಿಷ ಏರಿದಾಗ ಬೆಕ್ಕಿನ ಮುಖ, ಪಂಜ ಊದುತ್ತೆ. ಊತ ಇಳಿಸಲು ಕೊಟ್ಟದ್ದೇ ಊತ ತರಿಸುತ್ತೆ, ನೀವು ಕಚ್ಚಿದ ಹುಳವನ್ನು ಬೈಯುತ್ತಾ ಕೂರುತ್ತೀರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಡೆಟಾಲ್ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಇರುವ ಮುಲಾಮು ಬೇಡ. ತುಟಿಗೆ ಏನು ಹಚ್ಚಿದರೂ ಅದು ಹೋಗುವುದು ಹೊಟ್ಟೆಗೇ. ಬೆಕ್ಕು ನೆಕ್ಕದೆ ಬಿಡುತ್ತಾ?

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. "ಹಂಗಾರೆ ತಣ್ಣೀರು ಬಟ್ಟೇನಾದ್ರೂ ಇಡ್ರಿ" ಅಂದರು. ಅದು ಸರಿ. ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ತುಟಿಗೆ ಒತ್ತಿದೆ. ಆಮೇಲೆ ಸುಬ್ಬಿಗೇ ಸಾಕಾಯಿತು, ಎದ್ದು ಮಂಚದ ಕೆಳಗೆ ಹೋದಳು.

ಭಾನುವಾರ ದಾವಣಗೆರೆಯಲ್ಲಿ ಬೆಕ್ಕಿಗೆ ಡಾಕ್ಟರು ಹುಡುಕುವುದು ಸುಲಭ ಅಲ್ಲ. ಸರ್ಕಾರಿ ಪಶು ಆಸ್ಪತ್ರೆಗೆ ರಜೆ. ಖಾಸಗಿ ಕ್ಲಿನಿಕ್‌ಗಳಲ್ಲಿ ಕೆಲವು ಮುಚ್ಚಿದ್ದವು, ಕೆಲವು ಸಂಜೆ ಮಾತ್ರ. 1962 ಅಂತ ಒಂದು ಸಹಾಯವಾಣಿ ಇದೆ, ಪಶು ಸಂಜೀವಿನಿ ಅನ್ನುವ ಪ್ರಾಣಿಗಳ ಆಂಬುಲೆನ್ಸ್ ಗಾಡಿಯದ್ದು, ದುಡ್ಡು ಬೀಳದ ನಂಬರ್. ಮುಖ್ಯವಾಗಿ ಹಳ್ಳಿಯ ದನಕರುಗಳಿಗಾಗಿ ಮಾಡಿರುವ ವ್ಯವಸ್ಥೆ. ಆದರೂ ನಂಬರ್ ಬರೆದಿಟ್ಟುಕೊಂಡಿರಿ, ಕಷ್ಟಕಾಲದಲ್ಲಿ ಯಾರನ್ನಾದರೂ ಕೇಳಲು ಒಂದು ದಾರಿ ಇರಲಿ. ನನ್ನ ಸಲಹೆ ಇಷ್ಟೆ. ಬೆಕ್ಕು ಚೆನ್ನಾಗಿರುವಾಗಲೇ ನಿಮ್ಮ ಏರಿಯಾದ ಎರಡು ಮೂರು ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಬೆಕ್ಕು ನೋಡ್ತೀರಾ, ಭಾನುವಾರ ಎಷ್ಟೊತ್ತಿಗೆ ತೆಗೀತೀರಾ ಅಂತ ಕೇಳಿಡಿ. ಬೆಕ್ಕು ನೋಡ್ತೀರಾ ಅಂತ ಕೇಳುವುದು ತಮಾಷೆಯಲ್ಲ. ಒಂದು ಕಡೆ "ನಾಯಿ ಆದ್ರೆ ತಗೊಂಡು ಬನ್ನಿ" ಅಂದರು.

ಸಂಜೆ ಹೊರಡುವ ಹೊತ್ತಿಗೆ ಇನ್ನೊಂದು ಪೇಚು. ನಮ್ಮ ಹತ್ತಿರ ಬೆಕ್ಕು ಒಯ್ಯುವ ಬುಟ್ಟಿ ಇರಲಿಲ್ಲ. ತರಕಾರಿಯ ಎರಡು ಪ್ಲಾಸ್ಟಿಕ್ ಕ್ರೇಟ್ ತಂದು, ಒಂದರ ಮೇಲೊಂದು ಮಗುಚಿ, ಹಗ್ಗ ಕಟ್ಟುವುದು ಅಂತ ತಮ್ಮನ ಪ್ಲಾನು. ಒಳಗೆ ಹಾಕುವಾಗ ಸುಬ್ಬಿ ತಿರುಗಿ ಅವನ ಮುಂಗೈಗೆ ಉಗುರು ಎಳೆದಳು. ರಕ್ತ ಬರಲಿಲ್ಲ, ಕೆಂಪು ಗೀರು ಎದ್ದಿತು. "ಬಿಡು, ಏನಾಗಲ್ಲ" ಅಂದ. ಆ ಗೀರಿನ ಕಥೆ ಮುಂದೆ ಬರುತ್ತೆ.

ಆಟೋದವರು ಇಬ್ಬರು ಮುಖ ತಿರುಗಿಸಿದರು. ಒಬ್ಬರಂತೂ "ದೀಪ ಹಚ್ಚೋ ಹೊತ್ತಿಗೆ ಬೆಕ್ಕಾ? ಬ್ಯಾಡ ಬಿಡ್ರಕ್ಕಾ" ಅಂತ ಗಾಡಿ ಬಿಟ್ಟೇ ಬಿಟ್ಟರು. ಮೂರನೆಯವರು ವಯಸ್ಸಾದವರು. ಕ್ರೇಟಿನೊಳಗೆ ಬಗ್ಗಿ ನೋಡಿ "ಬಾಯಿ ಬಾತೈತಲ್ಲ ಪಾಪ, ಹತ್ರಿ" ಅಂದರು. ಕೇಳಿದ್ದು ರೂ. 80. ಹದಡಿ ರಸ್ತೆಯ ಟ್ರಾಫಿಕ್‌ನಲ್ಲಿ ಸುಬ್ಬಿ ಕೂಗಿದ ಕೂಗಿಗೆ ಪಕ್ಕದ ಬೈಕಿನವರೆಲ್ಲ ತಿರುಗಿ ನೋಡುತ್ತಿದ್ದರು.

ಕ್ಲಿನಿಕ್‌ನಲ್ಲಿ ಬರೀ ನಾಯಿಗಳು. ಒಂದು ಲ್ಯಾಬ್ರಡಾರ್ ಬಂದು ಕ್ರೇಟನ್ನು ಮೂಸಿದ್ದೇ ತಡ, ಸುಬ್ಬಿ ಬಾಲ ಬ್ರಷ್ ಆಯಿತು. ನಾವು ಹೊರಗೆ ಮೆಟ್ಟಿಲ ಮೇಲೆ ಕೂತೆವು. ಕ್ರೇಟಿನ ಮೇಲೆ ದುಪಟ್ಟಾ ಹೊದಿಸಿದೆ. ಏನೂ ಕಾಣದಿದ್ದರೆ ಬೆಕ್ಕು ಅರ್ಧ ಸುಮ್ಮನಾಗುತ್ತೆ. ಕಾಂಪೌಂಡರ್‌ಗೆ ಹೇಳಿ ನಂಬರ್ ಬರೆಸಿ ಹೊರಗೇ ಕಾಯಿರಿ, ಯಾರೂ ಏನೂ ಅನ್ನಲ್ಲ. ಆದರೆ ಉಸಿರಾಟದ ತೊಂದರೆ ಇದ್ದರೆ ಮಾತ್ರ ಸರದಿ ಗಿರದಿ ನೋಡದೆ ನೇರ ಒಳಗೆ ಹೋಗಿ ಹೇಳಬೇಕು.

ಅಲ್ಲಿ ಕಾದ ಹೊತ್ತಿನಲ್ಲಿ ಇನ್ನೊಂದು ಬೆಕ್ಕಿನ ಹುಡುಗ ಸಿಕ್ಕ. ಅವನ ಮರಿ ಮೊಬೈಲ್ ಚಾರ್ಜರ್ ವೈರ್ ಕಡಿದು ಬಾಯಿ ಸುಟ್ಟುಕೊಂಡಿತ್ತು. ತುಟಿ ಊದಿ, ಅಂಚಿನಲ್ಲಿ ಬೂದು ಬಣ್ಣದ ಗೆರೆ. ವೈರ್ ಕಡಿದ ಮರಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಕೆಲವು ಗಂಟೆಯ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು ಅಂತ ಡಾಕ್ಟರು ಅವನಿಗೆ ಎಚ್ಚರಿಕೆ ಕೊಟ್ಟು, ರಾತ್ರಿಯೆಲ್ಲ ಉಸಿರು ನೋಡಲು ಹೇಳಿ ಕಳಿಸಿದರು. ಅದೂ ತುಟಿ ಊತ, ನಮ್ಮದೂ ತುಟಿ ಊತ.

ನಮ್ಮ ಸರದಿ ಬಂತು. ಡಾಕ್ಟರ್ ಮೇಡಂ ಮೊದಲು ಕೇಳಿದ್ದು ತುಟಿ ಬಗ್ಗೆ ಅಲ್ಲ. ಯಾರಿಗಾದ್ರೂ ಕಚ್ಚಿದೆಯಾ, ಪರಚಿದೆಯಾ, ರೇಬೀಸ್ ಲಸಿಕೆ ಆಗಿದೆಯಾ? ಲಸಿಕೆ ಕಾರ್ಡ್ ತಗೊಂಡು ಹೋಗಿದ್ದು ಒಳ್ಳೆಯದಾಯಿತು. ಬಾಯಿ ಊದಿದ, ಜೊಲ್ಲು ಸುರಿಸುವ ಪ್ರಾಣಿಯ ಬಾಯಿಗೆ ಯಾರೂ ಸುಮ್ನೆ ಬೆರಳು ಹಾಕುವುದಿಲ್ಲ. ನೀವೂ ಹಾಕಬೇಡಿ. ನಂತರ ತೂಕ, 3.6 ಕೆ.ಜಿ. ಜ್ವರ ಇರಲಿಲ್ಲ, 101.8. ಬೆಕ್ಕಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿಯಂತೆ. ನಮ್ಮ ಲೆಕ್ಕದಲ್ಲಿ ನೋಡಿದರೆ ಅದು ಜ್ವರವೇ ಅಲ್ವಾ, ನಾನು ಗಾಬರಿಯಾದೆ. ಮೇಡಂ ನಕ್ಕರು.

ಅವರು ಟಾರ್ಚ್ ಹಿಡಿದು ಒಂದೊಂದಾಗಿ ತಳ್ಳಿಹಾಕುತ್ತಾ ಹೋದರು. ಮುಳ್ಳು, ಜೇನಿನ ಕೊಂಡಿ ಏನೂ ಸಿಗಲಿಲ್ಲ. ಮೇಲಿನ ಕೋರೆಹಲ್ಲು ಗಟ್ಟಿಯಾಗಿತ್ತು. ಅದರ ಬೇರಿನಲ್ಲಿ ಕೀವು ಕಟ್ಟಿದರೂ ತುಟಿ, ಕೆನ್ನೆ ಊದುತ್ತಂತೆ. ಬೇರೆ ಬೆಕ್ಕು ಕಚ್ಚಿದ ಗುರುತು ಇರಲಿಲ್ಲ. ಹಾಗೆ ಕಚ್ಚಿದ್ದರೆ ಮೇಲೆ ಸಣ್ಣ ತೂತು ಮುಚ್ಚಿಕೊಂಡು ಒಳಗೆ ಕೀವಾಗುತ್ತೆ, ಜ್ವರ ಬರುತ್ತೆ, ಮುಟ್ಟಿದರೆ ಬಿಸಿ. ಗದ್ದ ಎತ್ತಿ ನೋಡಿದರು. ಗದ್ದದಲ್ಲಿ ಕಪ್ಪು ಕಾಳುಗಳ ಮೊಡವೆ ಆಗಿ ಕೆಳತುಟಿ ಊದುವುದೂ ಉಂಟಂತೆ. ಹಾವಿನ ಭಯ ಅವ್ವನದ್ದು. ಊರಾಚೆ ಭದ್ರಾ ನಾಲೆಯ ಗದ್ದೆಗಳಿವೆ, ಇಲಿ ಇರುವ ಕಡೆ ಹಾವೂ ಇರುತ್ತೆ. ಅದಕ್ಕೆ ಮೇಡಂ ಹೇಳಿದ್ದು: ಮಂಡಲದ ಹಾವು ಕಚ್ಚಿದ್ದರೆ ಊತ ಗಂಟೆಗಂಟೆಗೆ ಏರುತ್ತಿತ್ತು, ವಿಪರೀತ ನೋವು ಇರುತ್ತಿತ್ತು, ಬೆಕ್ಕು ಹೀಗೆ ನಮ್ಮನ್ನು ದುರುಗುಟ್ಟಿ ನೋಡುತ್ತಾ ಕೂತಿರುತ್ತಿರಲಿಲ್ಲ. ಹಾಗೆ ಅನುಮಾನ ಬಂದರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ.

ಕೊನೆಗೆ, ಹುಳ ಕಚ್ಚಿದ ಅಲರ್ಜಿ ಇರಬಹುದು ಅಂತ ಒಂದು ಅಲರ್ಜಿ ಇಂಜೆಕ್ಷನ್, ಜೊತೆಗೆ ಒಂದೆರಡು ದಿನ ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದು ಮಾತು ಹೇಳಿದರು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. "ನಾಳೆ ಇಳಿದಿರುತ್ತೆ. ಇಳೀತು ಅಂತ ಮರೆತುಬಿಡಬೇಡಿ. ಸ್ಟೀರಾಯ್ಡ್ ಕೊಟ್ರೆ ಬಹಳಷ್ಟು ಊತ ಇಳಿಯುತ್ತೆ, ಕಾರಣ ಯಾವುದೇ ಇರಲಿ. ದಿನಾ ಒಂದು ಫೋಟೋ ತೆಗೀರಿ. ಹುಳ ಕಚ್ಚಿದ್ದಾದ್ರೆ ಅಲ್ಲಿಗೆ ಮುಗೀತು. ಅದೇ ಜಾಗದಲ್ಲಿ ಮತ್ತೆ ಬಂದ್ರೆ ಹುಳ ಅಲ್ಲ."

ಮರುದಿನ ಬೆಳಿಗ್ಗೆ ಮುಕ್ಕಾಲು ಭಾಗ ಇಳಿದಿತ್ತು. ಅವ್ವ ದುಗ್ಗಮ್ಮನಿಗೆ ಕೈಮುಗಿದಳು. ನಾನು ದಿನಾ ಒಂದೇ ಜಾಗದಲ್ಲಿ, ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ, ಫೋಟೋ ತೆಗೆಯುತ್ತಾ ಹೋದೆ. ತಮ್ಮ ಹಿಂದಿನಿಂದ ಹಿಡಿದು ತುಟಿಯ ಅಂಚು ಚೂರು ಎತ್ತುವುದು, ನಾನು ಕ್ಲಿಕ್ ಮಾಡುವುದು. ಮನೆಯವರಿಗೆಲ್ಲ ಇದೊಂದು ತಮಾಷೆಯಾಗಿತ್ತು.

ವಾರ ಕಳೆದ ಮೇಲೆ ಫೋಟೋಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಊತ ನಿಧಾನಕ್ಕೆ ವಾಪಸ್ ಬರುತ್ತಿತ್ತು. ದಿನಾ ನೋಡುವ ಕಣ್ಣಿಗೆ ಅದು ಗೊತ್ತೇ ಆಗಿರಲಿಲ್ಲ. ಈ ಸಲ ಇನ್ನೊಂದು ಹೊಸದು: ಕೋರೆಹಲ್ಲು ತಾಗುವ ಜಾಗದಲ್ಲಿ, ತುಟಿಯ ಅಂಚಿಗೆ, ಒಂದು ಚಿಕ್ಕ ತಗ್ಗು. ಗುಲಾಬಿ ಮಿಶ್ರಿತ ಕಂದು, ನುಣ್ಣಗೆ ಹೊಳೆಯುವ ಹುಣ್ಣು. ಸುತ್ತ ಅಂಚು ಎದ್ದಿತ್ತು. ಮುಟ್ಟಿದರೆ ಸುಬ್ಬಿಗೆ ನೋವೇ ಇಲ್ಲ. ಊಟ ಬೇರೆ ಎಂದಿನ ಹಾಗೆ, ಅಕ್ಕನ ಮನೆಯ ಮೀನೂ ಖಾಲಿ.

ಈ ಸಲ ವಾರದ ದಿನ. ಹಾಗಾಗಿ ಸರ್ಕಾರಿ ಪಶು ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಬೇಕು. ಮಾಲೀಕರ ಹೆಸರು, ವಿಳಾಸ, ಮೊಬೈಲ್ ನಂಬರ್, ಪ್ರಾಣಿ ಯಾವುದು, ವಯಸ್ಸು. ಕೊಟ್ಟದ್ದು ಚಿಲ್ಲರೆ ದುಡ್ಡು. ಆದರೆ ಡಾಕ್ಟರು ಇಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಲಸಿಕೆ ಅಭಿಯಾನ ನಡೆಯುವ ದಿನಗಳಲ್ಲಿ ಹೀಗಾಗುತ್ತೆ, ಯಾರನ್ನೂ ದೂರುವ ಹಾಗಿಲ್ಲ. ಒಂದು ಜಿಲ್ಲೆಯ ದನ ಎಮ್ಮೆಗಳ ಮುಂದೆ ನನ್ನದೊಂದು ಬೆಕ್ಕು. ಹೋಗುವ ಮುಂಚೆ ಫೋನ್ ಮಾಡಿ ಕೇಳಿದರೆ ಅರ್ಧ ದಿನದ ರಜೆ ಉಳಿಯುತ್ತೆ, ಅಷ್ಟೆ.

ಬೇವಿನ ಮರದ ಕೆಳಗೆ ಕೂತೆವು. ಪಕ್ಕದಲ್ಲಿ ಕೆಚ್ಚಲು ಬಾವಿನ ಎಮ್ಮೆ ತಂದವರೊಬ್ಬರು ಇದ್ದರು. ಸುಬ್ಬಿಯನ್ನೇ ನೋಡುತ್ತಾ, "ಬೆಕ್ಕಿಗೂ ಆಸ್ಪತ್ರಿಗೆ ತರ್ತಾರೇನ್ರಿ?" ಅಂದರು. ವ್ಯಂಗ್ಯ ಇರಲಿಲ್ಲ, ನಿಜವಾದ ಆಶ್ಚರ್ಯ. ಆಮೇಲೆ ತಾವೇ "ನಮ್ಮ ಕಣಜದಾಗ ಬೆಕ್ಕಿಲ್ದಿದ್ರ ಜ್ವಾಳ ಉಳೀತಾವೇನು, ತರ್ಬೇಕು ಬಿಡ್ರಿ" ಅಂತ ತೀರ್ಪು ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬಂದರು. ಬಿಸಿಲಲ್ಲಿ ಬಸವಳಿದಿದ್ದರು. ಆದರೂ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು, ಇಂಜೆಕ್ಷನ್ ಯಾವ ದಿನ ಕೊಟ್ಟದ್ದು ಅಂತ ಹಳೇ ಚೀಟಿಯಲ್ಲಿ ತಾಳೆ ಹಾಕಿದರು. "ಜೇನು ಇಷ್ಟು ದಿನ ಕಾಡಲ್ಲ ರೀ. ಇದು ಇಯೋಸಿನೋಫಿಲಿಕ್ ಹುಣ್ಣು ಇದ್ದಂಗಿದೆ. ಸ್ಲೈಡ್ ಮಾಡಿಸಿ ನೋಡಿಬಿಡಿ" ಅಂತ ಬರೆದುಕೊಟ್ಟರು. ಆ ಚೀಟಿ ಹಿಡಿದು ಮತ್ತೆ ಮೊದಲಿನ ಮೇಡಂ ಹತ್ತಿರ ಹೋದೆವು. ನೀವೂ ಚೀಟಿ, ಬಿಲ್ಲು, ಲಸಿಕೆ ಕಾರ್ಡ್ ಎಲ್ಲ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಿ. ಹಿಂದೆ ಯಾವ ಇಂಜೆಕ್ಷನ್ ಆಗಿದೆ ಅಂತ ಗೊತ್ತಿಲ್ಲದೆ ಇನ್ನೊಬ್ಬ ಡಾಕ್ಟರು ಮುಂದಿನ ಔಷಧಿ ಹೇಗೆ ಬರೆಯುತ್ತಾರೆ?

ಸ್ಲೈಡ್ ಅಂದರೆ ನಾನು ಸೂಜಿ, ಅನಸ್ತೇಷಿಯಾ ಅಂತೆಲ್ಲ ಹೆದರಿದ್ದೆ. ಸುಬ್ಬಿಯನ್ನು ಟವೆಲ್‌ನಲ್ಲಿ ಸುತ್ತಿ ತಲೆ ಮಾತ್ರ ಹೊರಗೆ ಬಿಟ್ಟರು. ಮೇಡಂ ಹುಣ್ಣನ್ನು ಒರೆಸಿ, ಗಾಜಿನ ತುಂಡನ್ನು ಅದರ ಮೇಲೆ ಮೆಲ್ಲಗೆ ಒತ್ತಿ ತೆಗೆದರು. ಅಷ್ಟೇ. ಬಣ್ಣದಲ್ಲಿ ಅದ್ದಿ, ತೊಳೆದು, ಒಣಗಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ನನಗೂ ತೋರಿಸಿದರು. ನೇರಳೆ ಚುಕ್ಕೆಗಳ ಮಧ್ಯೆ ಕೆಂಪು ಕಿತ್ತಳೆ ಕಾಳು ತುಂಬಿಕೊಂಡ ಕಣಗಳು. ಅವೇ ಇಯೋಸಿನೋಫಿಲ್, ಬಿಳಿ ರಕ್ತಕಣದಲ್ಲಿ ಒಂದು ಜಾತಿ. ಅಲರ್ಜಿ, ಪರಾವಲಂಬಿ ಹುಳ ಅಂದರೆ ಮೊದಲು ಓಡಿಬರುವವು ಇವೇ. ಬಂದು ಅಲ್ಲೇ ಗುಂಪುಗೂಡಿ ತುಟಿಯನ್ನು ಊದಿಸುತ್ತವೆ, ಹುಣ್ಣು ಮಾಡುತ್ತವೆ. ಮೇಲ್ತುಟಿಯಲ್ಲಿ ಹೀಗೆ ಆದರೆ ಇಂಡೊಲೆಂಟ್ ಅಲ್ಸರ್ ಅನ್ನುತ್ತಾರಂತೆ. ಬೇರೆ ಬೆಕ್ಕಿಗೆ ಅಂಟುವುದಿಲ್ಲ, ಮನುಷ್ಯರಿಗೂ ಅಂಟುವುದಿಲ್ಲ.

"ಅಲರ್ಜಿ ಯಾತರದ್ದು ಮೇಡಂ?" ಅಂದೆ. ಅವರು ಹಲ್ಲು ಒತ್ತೊತ್ತಾದ ಬಾಚಣಿಗೆ ತೆಗೆದು ಸುಬ್ಬಿಯ ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ ಬಾಚಿದರು. ಕರಿ ಮೆಣಸಿನ ಪುಡಿಯಂಥ ನಾಲ್ಕು ಕಾಳು ಬಂದವು. ಒದ್ದೆ ಹತ್ತಿಯ ಮೇಲೆ ಉದುರಿಸಿದರು. ನೋಡ ನೋಡುತ್ತಿದ್ದ ಹಾಗೆ ಪ್ರತಿ ಕಾಳಿನ ಸುತ್ತ ತುಕ್ಕಿನ ಬಣ್ಣ ಹರಡಿತು. ಬರೀ ಕೊಳೆಯಾಗಿದ್ದರೆ ಬಣ್ಣ ಬಿಡುವುದಿಲ್ಲ. ಇದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಒಂದು ಚಿಗಟವೂ ಕಣ್ಣಿಗೆ ಬಿದ್ದಿರಲಿಲ್ಲ. ಬೆಕ್ಕು ನೆಕ್ಕಿ ನೆಕ್ಕಿ ಅವನ್ನು ನುಂಗಿಬಿಟ್ಟಿರುತ್ತೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ಬೆಕ್ಕಿಗೆ ಒಂದೆರಡು ಕಚ್ಚಿದರೂ ಸಾಕಂತೆ. ಇದಲ್ಲದೆ ಆಹಾರದ ಅಲರ್ಜಿ, ಸೊಳ್ಳೆ, ಧೂಳು ಕೂಡ ಕಾರಣ ಆಗಬಹುದು. ಒಂದೊಂದನ್ನೇ ತೆಗೆದು ನೋಡುವುದು ದಾರಿ. ಮೊದಲು ಚಿಗಟ. ಊಟದ ಪ್ಲಾಸ್ಟಿಕ್ ಬಟ್ಟಲೂ ಬೇಡ, ಸ್ಟೀಲ್ ಇಡಿ ಅಂದರು.

ಚಿಗಟದ ಔಷಧಿ ತರಲು ಹೋದಲ್ಲಿ ಮತ್ತೊಂದು ಕಂಟಕ. ಅಂಗಡಿಯವರು "ಬೆಕ್ಕಿಂದು ಖಾಲಿ, ಇದನ್ನೇ ಅರ್ಧ ಹಾಕಿ" ಅಂತ ನಾಯಿಯ ಔಷಧಿ ಕೊಟ್ಟರು. ಡಬ್ಬಿ ತಿರುಗಿಸಿದರೆ ಪರ್ಮೆಥ್ರಿನ್ ಅಂತ ಇತ್ತು. ಮೇಡಂ ಚೀಟಿಯ ಮೇಲೆ ಇದೇ ಹೆಸರು ಬರೆದು ಅಡ್ಡ ಗೆರೆ ಎಳೆದಿದ್ದರು. ನಾಯಿಗೆ ಏನೂ ಮಾಡದ ಪರ್ಮೆಥ್ರಿನ್ ಬೆಕ್ಕಿಗೆ ನಡುಕ, ಫಿಟ್ಸ್ ತರಿಸಿ ಕೊಂದೇಬಿಡಬಹುದು. ಅರ್ಧ ಹಾಕಿದರೂ ಅದೇ ಕಥೆ. ಬೇಡ ಅಂತ ಎದ್ದು ಬಂದೆ. ಪಿ.ಜೆ. ಬಡಾವಣೆಯ ಇನ್ನೊಂದು ಅಂಗಡಿಯಲ್ಲಿ ಬೆಕ್ಕಿನದ್ದೇ ಫಿಪ್ರೊನಿಲ್ ಸಿಕ್ಕಿತು. ನಾಲಿಗೆಗೆ ನಿಲುಕದ ಹಾಗೆ ಕತ್ತಿನ ಹಿಂದೆ, ಕೂದಲು ಬಿಡಿಸಿ ಚರ್ಮಕ್ಕೇ ಬೀಳುವಂತೆ ಹನಿಸಬೇಕು. ಹಾಸಿಗೆ, ಚಾದರ ಎಲ್ಲ ಬಿಸಿನೀರಲ್ಲಿ ಒಗೆದದ್ದು ಅವ್ವ. ಬೈಗುಳವೂ ಅವಳದ್ದೇ.

ಹುಣ್ಣಿಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಬರೆದರು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ತೂಕ ನೋಡಿ, ಕಾಯಿಲೆ ನೋಡಿ ಡಾಕ್ಟರು ಹಾಕುವ ಲೆಕ್ಕ. ಶುರುವಿಗೆ ಜಾಸ್ತಿ, ಆಮೇಲೆ ಹಂತ ಹಂತವಾಗಿ ಕಡಿಮೆ. ಹುಣ್ಣು ಮಾಯ್ತು ಅಂತ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ಮಾತ್ರೆ ನುಂಗಿಸುವ ವಿದ್ಯೆ ಇಷ್ಟು: ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ, ತಲೆ ಸ್ವಲ್ಪ ಮೇಲೆತ್ತಿ, ಕೆಳದವಡೆ ಒತ್ತಿ, ನಾಲಿಗೆಯ ಬುಡಕ್ಕೆ ಮಾತ್ರೆ ಹಾಕಿ ಬಾಯಿ ಮುಚ್ಚಬೇಕು. ತಕ್ಷಣ ಸಿರಿಂಜ್‌ನಲ್ಲಿ ಚೂರು ನೀರು ಬಿಡಬೇಕು, ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಾರದು. ಸುಬ್ಬಿ ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು, ನಾವು ಆಚೆ ಹೋದ ಮೇಲೆ ಟಿ.ವಿ. ಹಿಂದೆ ಉಗುಳುತ್ತಿದ್ದಳು. ಕಸ ಗುಡಿಸುವಾಗ ಸಿಕ್ಕಿಬಿದ್ದಳು. ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಉಂಡೆ ಮಾಡಿ ಕೊಟ್ಟ ಮೇಲೆ ಜಗಳ ನಿಂತಿತು.

ಇನ್ನು ತಮ್ಮನ ಗೀರು. ಮೇಡಂ ಕೇಳಿದಾಗಲೇ ಅದು ನೆನಪಾಗಿ ಹೇಳಿದ್ದೆ. "ಬೆಕ್ಕಿಗೆ ಲಸಿಕೆ ಆಗಿದ್ರೂ ನೀವು ಆಸ್ಪತ್ರೆಗೆ ತೋರಿಸಿ, ಅದು ನಿಮ್ಮ ಡಾಕ್ಟರು ತೀರ್ಮಾನ ಮಾಡಬೇಕು" ಅಂದರು. ಗೀರನ್ನು ಸೋಪು ಹಚ್ಚಿ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಇದೇ ಮೊದಲ ಚಿಕಿತ್ಸೆ. ಮರುದಿನ ಅವನನ್ನು ಎಳೆದುಕೊಂಡು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋದೆ. ತೋಳಿಗೆ ಚರ್ಮದೊಳಗೆ ಲಸಿಕೆ ಹಾಕಿ ಕಾರ್ಡ್ ಕೊಟ್ಟರು. ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರೇಬೀಸ್ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್, ಬೇಕಾಗುತ್ತಿತ್ತು. ಬೆಕ್ಕನ್ನು 10 ದಿನ ಗಮನಿಸಲು ಹೇಳಿದರು. ಬೆಕ್ಕಿನ ಗೀರು ತಾನೇ ಅಂತ ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಯಿ ಕಚ್ಚಿದರೆ ಓಡುತ್ತೇವೆ, ಬೆಕ್ಕು ಪರಚಿದರೆ ಅರಿಶಿನ ಹಚ್ಚುತ್ತೇವೆ. ರೇಬೀಸ್‌ಗೆ ಆ ಭೇದ ಗೊತ್ತಿಲ್ಲ.

ಯಾವಾಗ ಓಡಬೇಕು ಅಂತ ಈಗ ನನ್ನನ್ನು ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ಬಾಯಿ ತೆರೆದ ಉಸಿರು, ಬಿಳಿಚಿದ ಅಥವಾ ನೀಲಿಗಟ್ಟಿದ ವಸಡು, ಮುಖ ಗಂಟಲಿಗೆ ಏರುವ ಊತ, ಮತ್ತೆ ಮತ್ತೆ ವಾಂತಿ, ಕುಸಿದು ಬೀಳುವುದು, ಹಾವಿನ ಅನುಮಾನ, ಕರೆಂಟ್ ವೈರ್: ಆ ಕ್ಷಣವೇ, ಮಧ್ಯರಾತ್ರಿಯಾದರೂ. ಜ್ವರ, ಕೀವು, ವಾಸನೆ, ಜೊಲ್ಲು, ಮುಟ್ಟಿದರೆ ಕೂಗುವ ನೋವು ಇದ್ದರೆ ಅದೇ ದಿನ. ಊಟ ಬಿಟ್ಟು ಒಂದು ದಿನ ಆದರೂ ಅದೇ ದಿನ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಉಪವಾಸ ಇದ್ದರೆ ಲಿವರ್‌ಗೆ ಕೊಬ್ಬು ತುಂಬಿ ಇನ್ನೊಂದು ದೊಡ್ಡ ಕಾಯಿಲೆ ಶುರುವಾಗುತ್ತೆ. ಏನೂ ಇಲ್ಲದೆ, ಬರೀ ತುಟಿ ಊದಿ, ಆಟ ಊಟ ಎಲ್ಲ ಸರಿ ಇದ್ದರೆ ಒಂದು ದಿನ ನೋಡಬಹುದು. ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಬಂದರೆ ತೋರಿಸಲೇಬೇಕು. ವಯಸ್ಸಾದ ಬೆಕ್ಕಿನ ತುಟಿಯಲ್ಲಿ ಮಾಯದ ಹುಣ್ಣಿದ್ದರೆ ಇನ್ನೂ ಬೇಗ. ಕ್ಯಾನ್ಸರ್ ಕೂಡ ಶುರುವಿನಲ್ಲಿ ಇದೇ ಥರ ಕಾಣಬಹುದಂತೆ.

ಖರ್ಚಿನ ವಿಷಯ. ಖಾಸಗಿ ಕ್ಲಿನಿಕ್‌ನಲ್ಲಿ ನೋಡಿದ್ದಕ್ಕೆ ಒಂದು ಸಲಕ್ಕೆ ರೂ. 300. ಮೊದಲ ದಿನದ ಇಂಜೆಕ್ಷನ್‌ಗಳಿಗೆ ರೂ. 250. ಸ್ಲೈಡಿಗೆ ರೂ. 400. ಚಿಗಟದ ಹನಿಗೆ ರೂ. 350, ಅದು ತಿಂಗಳು ತಿಂಗಳು ಬೇಕು. ಮಾತ್ರೆಯೇ ಎಲ್ಲಕ್ಕಿಂತ ಅಗ್ಗ, ಐವತ್ತು ರೂಪಾಯಿಯೂ ಆಗಲಿಲ್ಲ. ಆಟೋಗೆ ಕೊಟ್ಟದ್ದೇ ಔಷಧಿಗಿಂತ ಜಾಸ್ತಿ. ಕೊನೆಗೆ ರೂ. 900 ಕೊಟ್ಟು ಒಂದು ಗಟ್ಟಿ ಬುಟ್ಟಿ ತಗೊಂಡೆ. ಅಲ್ಲಿಂದ ಮುಂದೆ ಯಾವ ಆಟೋದವರೂ ಇಲ್ಲ ಅನ್ನಲಿಲ್ಲ. ಬೆಕ್ಕು ಕಾಣದಿದ್ದರೆ ಶಕುನವೂ ಇಲ್ಲ ಅಂತ ಕಾಣುತ್ತೆ.

ಮಾತ್ರೆ ಶುರುವಾದ ಮೇಲೆ ಹುಣ್ಣು ಅಂಚಿನಿಂದ ಒಳಕ್ಕೆ ಒಣಗುತ್ತಾ ಬಂತು. ಈಗ ಆ ಜಾಗದಲ್ಲಿ ಕೂದಲು ಸ್ವಲ್ಪ ತೆಳು, ಅಷ್ಟೆ. ಸ್ಟೀರಾಯ್ಡ್ ಇರುವಷ್ಟು ದಿನ ನೀರು ಜಾಸ್ತಿ ಕುಡಿದಳು, ಮಣ್ಣಿನ ಟ್ರೇ ಎರಡು ಪಟ್ಟು ಒದ್ದೆ, ಹಸಿವು ಕೇಳಲೇಬೇಡಿ. ಇದು ಔಷಧಿಯ ಗುಣ ಅಂತ ಮೊದಲೇ ಹೇಳಿದ್ದರು. ತಿಂಗಳುಗಟ್ಟಲೆ ಕೊಡಬೇಕಾಗಿ ಬಂದರೆ ಸಕ್ಕರೆ ಕಾಯಿಲೆ ಬರುವ ಸಂಭವ ಇದೆ, ಅದಕ್ಕೇ ಕಾರಣ ಹುಡುಕಿ ತೆಗೆಯಬೇಕು, ಬರೀ ಮಾತ್ರೆ ನುಂಗಿಸುತ್ತಾ ಇರಬಾರದು ಅಂದರು. ಚಿಗಟದ ಔಷಧಿ ಬಿಡದೆ ಹಾಕಿಯೂ ಹುಣ್ಣು ಮರಳಿದರೆ, ಸುಬ್ಬಿ ಈವರೆಗೆ ತಿನ್ನದ ಒಂದೇ ಮಾಂಸವನ್ನು ಎಂಟು ವಾರ ಕೊಟ್ಟು ಆಹಾರದ ಅಲರ್ಜಿ ನೋಡಬೇಕು. ಅದರಲ್ಲೂ ಆಗದಿದ್ದರೆ ತುಟಿಯ ಚೂರು ತೆಗೆದು ಬಯಾಪ್ಸಿ. ಅದಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಅಂತ ಮೇಡಂ ಈಗಲೇ ಚೀಟಿಯ ಹಿಂದೆ ಬರೆದುಕೊಟ್ಟಿದ್ದಾರೆ. ಎಂಟು ವಾರ ಅಕ್ಕನ ಮನೆಯ ಮೀನನ್ನು ತಪ್ಪಿಸುವುದು ಹೇಗೆ ಅನ್ನುವುದಕ್ಕೆ ಮಾತ್ರ ಅವರ ಹತ್ತಿರವೂ ಔಷಧಿ ಇರಲಿಲ್ಲ.